ಅಳಿಸಿ ಕಟ್ಟುವ ಪೈಥಾನ್

ಕಲಬುರಗಿ, ಬೀದರ್, ರಾಯಚೂರಿನ ಹುಡುಗ ಹುಡುಗಿಯರು ಕೋಡಿಂಗ್ ಕಲಿಯಲೆಂದು ಹೈದರಾಬಾದಿಗೆ ಬಂದರೆ ಮೊದಲು ಹುಡುಕುವುದು ಅಮೀರ್‌ಪೇಟೆಯನ್ನು. ಮೈತ್ರೀವನಂ ಸುತ್ತ ಎತ್ತ ನೋಡಿದರೂ ಪೈಥಾನ್, ಜಾಂಗೋ, ಫುಲ್ ಸ್ಟ್ಯಾಕ್ ಎಂಬ ಬೋರ್ಡುಗಳು. ಅವರಿಗೆ ನನ್ನ ಮಾತೊಂದೇ: ವೆಬ್‌ಸೈಟ್ ಆಮೇಲೆ ಕಟ್ಟೋಣ, ಮೊದಲು ಪೈಥಾನನ್ನು ಇಟ್ಟುಕೊಳ್ಳುವ ಕ್ರಮ ಕಲಿಯಿರಿ.

ಈಗ ವರ್ಷಕ್ಕೊಂದು ಅಕ್ಟೋಬರಿನಲ್ಲಿ ಹೊಸ ಪೈಥಾನ್ ಬರುತ್ತದೆ, ಒಂದೊಂದಕ್ಕೂ ಐದು ವರ್ಷ ಆಯುಸ್ಸು. ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜಾಂಗೋದ 4.2 ಹಳೆಯ 3.8ರಲ್ಲೂ ಓಡುತ್ತದೆ, 5.0ಕ್ಕೆ ಕನಿಷ್ಠ 3.10 ಬೇಕು. ಹಳೆಯ ಪ್ರಾಜೆಕ್ಟನ್ನು ಸಾಕುತ್ತಲೇ ಹೊಸದನ್ನು ಬರೆಯುವವರ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಪೈಥಾನ್ ಇರಲೇಬೇಕು. ಉಬುಂಟು ಜೊತೆಗೇ ಬಂದದ್ದು ಉಬುಂಟುವಿನದು, ಅದರ ಸ್ವಂತ ಕೆಲಸಕ್ಕೆ ಬೇಕಾದದ್ದು. ಉಬುಂಟು 23.04ರಿಂದ ಅದರೊಳಗೆ, ಪ್ಯಾಕೇಜು ಹಾಕುವ ಸಾಧನವಾದ ಪಿಪ್ ನೇರವಾಗಿ ಏನನ್ನೂ ಹಾಕಗೊಡುವುದಿಲ್ಲ. ಆ ತಡೆಯನ್ನು ಬಲವಂತದಿಂದ ದಾಟುವ ಉಪಾಯಗಳಿವೆ. ದಯವಿಟ್ಟು ಬೇಡ.

ಹಲವು ಪೈಥಾನ್‌ಗಳನ್ನು ಒಟ್ಟಿಗೆ ಇಟ್ಟುಕೊಳ್ಳಲು ನನಗೆ ಪ್ರಿಯವಾದ ಸಾಧನ ಪೈಎನ್ವ್. 'ಪೈಥಾನ್' ಎಂದು ಟೈಪ್ ಮಾಡಿದಾಗ ಅದರ ಪುಟ್ಟ ಸ್ಕ್ರಿಪ್ಟೊಂದು ನಡುವೆ ನಿಂತು, ಫೋಲ್ಡರಿನಲ್ಲಿರುವ ವರ್ಷನ್ ಫೈಲನ್ನು ಓದಿ, ಸರಿಯಾದ ಪೈಥಾನನ್ನು ಎಬ್ಬಿಸುತ್ತದೆ. ಆದರೆ ಅದು ಪೈಥಾನನ್ನು ಮೂಲ ಕೋಡಿನಿಂದಲೇ ಕಂಪೈಲ್ ಮಾಡುತ್ತದೆ. ಓಪನ್‌ಎಸ್‌ಎಸ್‌ಎಲ್‌ನ ಡೆವಲಪ್‌ಮೆಂಟ್ ಪ್ಯಾಕೇಜನ್ನು ಮೊದಲೇ ಹಾಕಿರದಿದ್ದರೆ, ಪೈಥಾನಿನ ಎಸ್‌ಎಸ್‌ಎಲ್ ಭಾಗ ತಯಾರಾಗದೆ ಇನ್‌ಸ್ಟಾಲೇ ಎರರ್ ಕೊಟ್ಟು ನಿಲ್ಲುತ್ತದೆ. ಹೊಸಬರು ಕಂಗಾಲಾಗುವುದು ಇಲ್ಲೇ.

ವರ್ಷನ್ ಆಯ್ದ ಮೇಲೆ ಪ್ರಾಜೆಕ್ಟಿಗೊಂದು ವೆನ್ವ್, ಅಂದರೆ ಅದರ ಪ್ಯಾಕೇಜುಗಳನ್ನು ಬೇರೆಯಾಗಿಡುವ ಫೋಲ್ಡರ್. ಇದಕ್ಕೆಂದೇ 2007ರಲ್ಲಿ ಇಯಾನ್ ಬಿಕಿಂಗ್ ವರ್ಚುವಲೆನ್ವ್ ಬರೆದರು. 2012ರ ಪೈಥಾನ್ 3.3ರಿಂದ ಆ ಸೌಲಭ್ಯ ಭಾಷೆಯ ಜೊತೆಗೇ ಬರುತ್ತಿದೆ. ಒಳಗೆ ತೆರೆದು ನೋಡಿ: ಲಿನಕ್ಸಿನಲ್ಲಿ ಅಲ್ಲಿರುವುದು ಮೂಲ ಪೈಥಾನಿಗೆ ಒಂದು ಕೊಂಡಿ, ಅದರ ವಿಳಾಸ ಬರೆದಿಟ್ಟ ಪುಟ್ಟ ಫೈಲು, ಪ್ಯಾಕೇಜುಗಳಿಗೆ ಪ್ರತ್ಯೇಕ ಜಾಗ, ಅಷ್ಟೆ. ಪಿಪ್‌ನಂಥ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲಿ ಪೂರ್ತಿ ಪಾಥ್ ಇರುವುದರಿಂದ ಫೋಲ್ಡರನ್ನು ಎತ್ತಿ ಬೇರೆಡೆ ಇಟ್ಟರೆ ಕೆಡುತ್ತದೆ. ಗಿಟ್‌ಗೆ ಸೇರಿಸುವುದೂ ಸರ್ವರಿಗೆ ಕಾಪಿ ಮಾಡುವುದೂ ವ್ಯರ್ಥ. ಹೊಸ್ತಿಲ ಮುಂದಿನ ರಂಗೋಲಿಯಂತೆ ಅದು ಅಳಿಸಿ ಮತ್ತೆ ಹಾಕುವಂಥದ್ದು. ಜೋಪಾನ ಮಾಡಬೇಕಾದದ್ದು ಪ್ಯಾಕೇಜುಗಳನ್ನು ವರ್ಷನ್ ಸಮೇತ ಬರೆದ ಪಟ್ಟಿಯನ್ನು.

2024ರಲ್ಲಿ ಆಸ್ಟ್ರಲ್ ಕಂಪನಿ ತಂದ ಯುವಿ ಇದೆಲ್ಲವನ್ನೂ ಒಂದೇ ಸಾಧನದಲ್ಲಿ, ಬಹಳ ವೇಗವಾಗಿ ಮಾಡುತ್ತದೆ. ಸಿದ್ಧ ಪೈಥಾನನ್ನೇ ಇಳಿಸುವುದರಿಂದ ಕಂಪೈಲಿನ ಗೋಳೂ ಇಲ್ಲ. ಖಂಡಿತ ಬಳಸಿ, ಆದರೆ ವೆನ್ವ್ ಒಳಗೆ ಏನಿದೆ ಎಂದು ಒಮ್ಮೆ ಕಣ್ಣಾರೆ ಕಂಡ ಮೇಲೆ.

ಈ ವಾರ ನಿಮ್ಮ ಪ್ರಾಜೆಕ್ಟಿನ ವೆನ್ವ್ ಅಳಿಸಿ, ಪಟ್ಟಿಯಿಂದಲೇ ಮತ್ತೆ ಕಟ್ಟಿ, ಟೆಸ್ಟ್‌ಗಳನ್ನು ಓಡಿಸಿ. ಯಾವ ಪ್ಯಾಕೇಜ್ ಪಟ್ಟಿಗೆ ಸೇರದೆ ಉಳಿದಿತ್ತೋ ಅದರ ಸುಳಿವು ಸಾಮಾನ್ಯವಾಗಿ ಎರರ್‌ನಲ್ಲೇ ಕಾಣುತ್ತದೆ.