ಮಾತ್ರೆ ಸಿಕ್ಕಿತು, ತಿಳಿವಳಿಕೆ?

ಕಾಫಿ ಕೊಯ್ಲಿನ ದಿನಗಳಲ್ಲಿ ಸಕಲೇಶಪುರ, ಆಲೂರು ಕಡೆಯ ಎಷ್ಟೋ ತೋಟಗಳಲ್ಲಿ ಕೂಲಿ ಕೊಡುವುದು ಕೊಯ್ದ ಹಣ್ಣಿನ ತೂಕ ನೋಡಿ. ಇನ್ನಷ್ಟು ಕೊಯ್ಯುವ ಆತುರದಲ್ಲಿ ಊಟ ಹಿಂದೆ ಬೀಳುತ್ತದೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಬಂದವರಿಗೆ ಇದು ಅಪಾಯ. ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ, ಬೆವರುತ್ತದೆ, ತಲೆ ಸುತ್ತುತ್ತದೆ. ಏಣಿ ಹತ್ತಿ ಮೆಣಸು ಕೊಯ್ಯುತ್ತಿದ್ದರೆ ಜೀವಕ್ಕೇ ಕುತ್ತು. ಬಿಸಿಲಿನ ಸುಸ್ತೆಂದು ನೆರಳಲ್ಲಿ ಕೂತರೆ ಸಾಲದು. ಕೂಡಲೇ ಸಕ್ಕರೆಯೋ ಬೆಲ್ಲವೋ ಬಾಯಿಗೆ ಬೀಳಬೇಕು.

ಇದನ್ನು ಅವರಿಗೆ ಹೇಳಬೇಕಾದವರು ಯಾರು?

1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಲಭ್ಯವನ್ನು ಮಾಲೀಕರ ಹೊಣೆಯಾಗಿಸಿತು. ಕೂಲಿಯವರು ವಾಸಿಸುವ ಲೈನ್ ಮನೆ, ಶಿಶುವಿಹಾರ, ಕಾಯಿಲೆ ಭತ್ಯೆಗಳ ಜೊತೆಗೆ ಇದೂ ಅವರ ಹಕ್ಕಾದದ್ದು ದೊಡ್ಡ ಸಾಧನೆ. ಆದರೆ ಅದು ಮಲೆನಾಡು ಮಲೇರಿಯಾಕ್ಕೆ ಹೆದರುತ್ತಿದ್ದ ಕಾಲದ ಕಾನೂನು. ಜ್ವರಕ್ಕೆ ಔಷಧಿ, ಹಾಸಿಗೆ ಇದ್ದರೆ ಅರ್ಧ ಗೆದ್ದಂತೆ. ಬಿ.ಪಿ., ಸಕ್ಕರೆ ಹಾಗಲ್ಲ. ದಿನದಿನದ ಚಿಕಿತ್ಸೆ ರೋಗಿಯ ಕೈಯಲ್ಲೇ ಇರುತ್ತದೆ. ಹುಷಾರಾದೆನೆಂದು ಬಿ.ಪಿ. ಮಾತ್ರೆ ಬಿಡಬಾರದು, ಸಕ್ಕರೆ ಕಾಯಿಲೆಯಿದ್ದರೆ ಜಿಗಣೆ ಕಚ್ಚಿದ ಕಾಲನ್ನು ಸಂಜೆ ತೊಳೆದು ನೋಡಿಕೊಳ್ಳಬೇಕು ಎಂಬುದನ್ನು ಅವರಿಗೆ ತಿಳಿಸುವ ಹೊಣೆಯನ್ನು ಕಾಯ್ದೆ ಯಾರಿಗೂ ವಹಿಸಲಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಈ ಕಾಯ್ದೆಯ ಜಾಗಕ್ಕೆ ಬಂದಿದೆ. ನಿಗದಿತ ವಯಸ್ಸಿನ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಕೊಡಬೇಕೆಂಬುದು ಅದರ ಒಳ್ಳೆಯ ಅಂಶ. ಆದರೆ ತಪಾಸಣೆ ಕೊಡುವುದು ಅಂಕಿ ತುಂಬಿದ ಚೀಟಿ. ಓದು ಬಾರದವರಿಗೆ, ಅಸ್ಸಾಮಿನಿಂದ ಬಂದು ಕನ್ನಡ ಗೊತ್ತಿಲ್ಲದವರಿಗೆ ಅದನ್ನು ಬಿಡಿಸಿ ಹೇಳದಿದ್ದರೆ ತಪಾಸಣೆ ಅರ್ಧಕ್ಕೇ ನಿಂತಂತೆ.

ಈ ಉಳಿದರ್ಧಕ್ಕೆ ಜಪಾನಿನಲ್ಲೊಂದು ಮಾದರಿಯಿದೆ. ಅಲ್ಲಿ 1972ರ ಕಾನೂನಿನಂತೆ 50 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಔದ್ಯೋಗಿಕ ವೈದ್ಯರನ್ನು ನೇಮಿಸಲೇಬೇಕು. ತಪಾಸಣೆಯ ಫಲ ನೋಡಿ, ಕೆಲಸದಲ್ಲಿ ಏನು ಬದಲಾಗಬೇಕೆಂದು ಅವರು ಮಾಲೀಕರಿಗೆ ಹೇಳುತ್ತಾರೆ. ಕೆಲಸವನ್ನೇ ಬಲ್ಲ ವೈದ್ಯರ ಬಲ ಇದು: ಊಟದ ಹೊತ್ತು, ಮಾತ್ರೆಯ ಹೊತ್ತು, ಕೊಯ್ಲಿನ ಹೊತ್ತು ಮೂರನ್ನೂ ಹೊಂದಿಸಬಲ್ಲರು.

ಇಲ್ಲೊಂದು ತೊಡಕೂ ಇದೆ. ವೈದ್ಯರ ಸಂಬಳ ಮಾಲೀಕರದಾದರೆ ಕಾಯಿಲೆಯ ಗುಟ್ಟು ತೋಟದ ಲೆಕ್ಕ ಬರೆಯುವ ರೈಟರ್ ಕಿವಿಗೆ ಬಿದ್ದು ಕೆಲಸ ಹೋದೀತೆಂಬ ಅಂಜಿಕೆ ಹುಟ್ಟುತ್ತದೆ. ಅಂಜಿದವರು ಬಾಯಿ ಬಿಡುವುದಿಲ್ಲ. ಇನ್ನು 5 ಹೆಕ್ಟೇರಿಗಿಂತ ಚಿಕ್ಕ ತೋಟಗಳು ತೋಟ ಕಾರ್ಮಿಕರ ಕಾಯ್ದೆಯ ಆಚೆಗೇ ಇದ್ದವು. ಅಲ್ಲಿಯ ಕೂಲಿಯವರಿಗೆ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯೇ ಗತಿ.

ಹಾಗಾಗಿ ಹಲವು ತೋಟಗಳಿಗೆ ಸೇರಿ ಒಬ್ಬ ಔದ್ಯೋಗಿಕ ವೈದ್ಯರು ಬೇಕು, ಅವರ ಸಂಬಳ ಯಾವುದೇ ಒಬ್ಬ ಮಾಲೀಕರ ಕೈಯಲ್ಲಿರಬಾರದು. ಕೊಯ್ಲಿಗೆ ಮುಂಚೆ ಲೈನ್ ಮನೆಗಳಿಗೆ ಹೋಗಿ, ಕೂಲಿಯವರ ಭಾಷೆಯಲ್ಲೇ ವಿವರಿಸಿ, ತಿಳಿದದ್ದನ್ನು ಅವರ ಬಾಯಿಂದಲೇ ಹೇಳಿಸಿ ನೋಡುವುದು ಆ ವೈದ್ಯರ ಕರ್ತವ್ಯವೆಂದು ನಿಯಮದಲ್ಲೇ ಬರೆಯಬೇಕು.