ಕಪಾಟಿನಲ್ಲೂ ಊರು-ಕೇರಿ

ಯಾವುದು ಸಾಹಿತ್ಯ, ಯಾವುದು ಅಲ್ಲ ಎಂಬ ತೀರ್ಮಾನ ವಿಮರ್ಶಕರದ್ದು ಅಂತ ನಾವು ಜಗಳಾಡ್ತಾ ಬಂದಿದ್ದೇವೆ. ನಮ್ಮ ಪದವಿ ಕಾಲೇಜುಗಳ ಲೈಬ್ರರಿಗಳಲ್ಲಿ ಆ ತೀರ್ಮಾನ ಪುಸ್ತಕದ ಬೆನ್ನಿಗೆ ಅಂಟಿಸಿದ ಸಂಖ್ಯೆಯಲ್ಲೇ ಮುಗಿದುಹೋಗಿರ್ತದೆ. ಪಂಪನಿಗೆ 894.814, ಅಂದರೆ ಕನ್ನಡ ಸಾಹಿತ್ಯ. ಮಂಟೇಸ್ವಾಮಿ ಕಾವ್ಯಕ್ಕೆ ಸಾಮಾನ್ಯವಾಗಿ 398, ಅಂದರೆ ಜಾನಪದ. ಈ 398ರ ನೆರೆಹೊರೆ ನೋಡಿ: 391 ಉಡುಗೆ ತೊಡುಗೆ, 392 ಮದುವೆ ಮುಂತಾದ ಪದ್ಧತಿ, 393 ಸಾವಿನ ಆಚರಣೆ. ನೀಲಗಾರರು ರಾತ್ರಿಯಿಡೀ ಹಾಡುವ ಮಹಾಕಾವ್ಯ ಹೀಗೆ ಪದ್ಧತಿಗಳ ಸಾಲಿನಲ್ಲಿ ಬರೀ ಮಾಹಿತಿಯಾಗಿ ಕೂತಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಕಾದಂಬರಿಯಾದ್ದರಿಂದ ಪಂಪನ ಓಣಿಗೆ ಪ್ರವೇಶ ಪಡೆಯಿತು. ಆ ಕೃತಿಯ ನುಡಿಗಟ್ಟಿಗೆ ಉಸಿರು ಕೊಟ್ಟ ಮೌಖಿಕ ಪರಂಪರೆ ಮಾತ್ರ ಎಷ್ಟೋ ಕಪಾಟು ಆಚೆ ಉಳೀತು. ಮಗ ಊರೊಳಗೆ, ತಾಯಿ ಕೇರಿಯಲ್ಲಿ. ಎರಡನ್ನೂ ಮುಖಾಮುಖಿಯಾಗಿಟ್ಟು ಓದಬೇಕು ಅನ್ನೋದು ವಿದ್ಯಾರ್ಥಿಗೆ ಹೇಗೆ ಹೊಳೀಬೇಕು?

ಈ ಪದ್ಧತಿಯನ್ನು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ. (ಅಂಬೇಡ್ಕರರ ಗುರು ಜಾನ್ ಡ್ಯೂಯಿ ಬೇರೆ, ಒಬ್ಬರ ಗೌರವ ಇನ್ನೊಬ್ಬರಿಗೆ ಹೋಗೋದು ಬೇಡ.) ಮೆಲ್ವಿಲ್ ನಡೆಸುತ್ತಿದ್ದ ಕ್ಲಬ್ಬಿನೊಳಕ್ಕೆ ಯಹೂದಿಗಳನ್ನು ಬಿಡ್ತಿರಲಿಲ್ಲ. ಅಲ್ಲಿನ ಗ್ರಂಥಾಲಯ ಸಂಘವೇ 2019ರಲ್ಲಿ ತನ್ನ ಪದಕದಿಂದ ಅವನ ಹೆಸರು ತೆಗೆಯಲು ತೀರ್ಮಾನಿಸಿತು. ಅವನ ಸಂಖ್ಯೆಗಳು ನಮ್ಮಲ್ಲಿ ಇನ್ನೂ ಶಾಸ್ತ್ರವಾಗಿ ನಡೀತಿವೆ.

ಲೈಬ್ರರಿಗಳು ಬದಲಾಗಿಲ್ಲ ಅಂತಲ್ಲ. ಚೀಟಿ ಬರೆದುಕೊಟ್ಟು ಕಿಟಕಿಯಾಚೆ ಕಾಯುವ ಕಾಲ ಬಹಳ ಕಡೆ ಹೋಗಿದೆ. ಕಪಾಟಿನ ನಡುವೆ ಓಡಾಡಿ ಪುಸ್ತಕವನ್ನು ಕೈಯಾರೆ ಮುಟ್ಟಿ ತೆಗೆಯೋದು, ಮುಟ್ಟಿಸಿಕೊಳ್ಳದ ಚರಿತ್ರೆಯಿಂದ ಬಂದ ಹುಡುಗ ಹುಡುಗಿಯರಿಗೆ ಸಣ್ಣ ಸಂಗತಿಯಲ್ಲ. ಕಂಪ್ಯೂಟರೂ ಬಂತು. ಆದರೆ ಎಷ್ಟೋ ಕಡೆ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಟೈಪು ಮಾಡಿದವರಿಗೆ ತೋಚಿದ ಹಾಗೆ ತುಂಬಿದ್ದಾರೆ. ಪುಸ್ತಕ ಕಪಾಟಿನಲ್ಲಿದ್ದರೂ ಕಂಪ್ಯೂಟರಿನಲ್ಲಿ ಸಿಗಲ್ಲ. ಸಿಗದ್ದನ್ನು ಯಾರೂ ಒಯ್ಯಲ್ಲ. ಯಾರೂ ಒಯ್ಯದ್ದು ಮುಂದೊಂದು ದಿನ ‘ಬಳಕೆಯಿಲ್ಲ’ ಅಂತ ವಿಲೇವಾರಿ ಪಟ್ಟಿ ಸೇರ್ತದೆ. ಇದು ವಿಮರ್ಶಕನಿಲ್ಲದ ವಿಮರ್ಶೆ. ಇದಕ್ಕೆ ಉತ್ತರ ಬರೆಯೋಣ ಅಂದರೆ ಎದುರಿಗೆ ಯಾರೂ ಇಲ್ಲ.

ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿ 1ರಿಂದ ಶುರುವಾಯಿತು. 3 ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು. ವಿಜ್ಞಾನದ ಮಕ್ಕಳಿಗೆ ಬೇಕಾದ್ದೇ, ಬರಲಿ. ದಲಿತ ಸಂವೇದನೆ ಕನ್ನಡದಲ್ಲಿ ಮೊದಲು ಬಾಯಿಬಿಟ್ಟದ್ದು ‘ಪಂಚಮ’, ‘ಶೂದ್ರ’ದಂಥ ಪುಟ್ಟ ಪತ್ರಿಕೆಗಳಲ್ಲಿ. ಅಂಥವಕ್ಕೆ ಆ 13,000ದಲ್ಲಿ ಜಾಗವಿಲ್ಲ. ಕಾಲೇಜಿನಲ್ಲಿ ಅವನ್ನು ಬೈಂಡು ಮಾಡಿಸೋರೂ ಕಡಿಮೆ. ವರ್ಷದ ಕೊನೆಗೆ ದಿನಪತ್ರಿಕೆಗಳ ಜತೆ ರದ್ದಿಗೆ.

ನಮಗೇನು ಇದೆ? ಬುಕ್ ಬ್ಯಾಂಕು. ಅದು ಬೇಕೇ ಬೇಕು, ಪಠ್ಯ ಕೊಳ್ಳಲಾಗದ ಮಕ್ಕಳು ಈಗಲೂ ಇದ್ದಾರೆ. ಆದರೆ ಅಲ್ಲಿ ಸಿಗೋದು ಪರೀಕ್ಷೆಗೆ ಬೇಕಾದಷ್ಟೇ, ಅದೂ ಪ್ರತ್ಯೇಕ ಕಪಾಟು, ಪ್ರತ್ಯೇಕ ಮೊಹರು. ಆ ವಿದ್ಯಾರ್ಥಿ ಲೈಬ್ರರಿಯ ಕಣ್ಣಿಗೆ ಫಲಾನುಭವಿಯಾಗಿ ಕಾಣ್ತಾನೆ, ಓದುಗನಾಗಿ ಅಲ್ಲ. 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದ ಅಂಬೇಡ್ಕರರ ಎಣಿಕೆ ಬೇರೆಯೇ ಇತ್ತು. ಅವರು ಗೆರೆ ಎಳೆದು ಓದಿದ ಪುಸ್ತಕಗಳು ಆ ಲೈಬ್ರರಿಯಲ್ಲಿವೆ. ಪುಟದ ಅಂಚಿನಲ್ಲಿ ಲೇಖಕನ ಜತೆ ವಾದಕ್ಕಿಳಿಯುವವನನ್ನು ಯಾವ ಬುಕ್ ಬ್ಯಾಂಕಿನ ರಿಜಿಸ್ಟರೂ ಹಿಡಿಯಲಾರದು.

ಸಂಖ್ಯೆ ಬದಲಿಸಲು ಬರೋದಿಲ್ಲ ಅನ್ನೋದು ನೆಪ. ಸ್ಥಳೀಯ ಸಾಹಿತ್ಯವನ್ನು ಬೇರೆ ಸಂಖ್ಯೆಯಲ್ಲಿ ಮುಂದಕ್ಕಿಡುವ ಆಯ್ಕೆಯನ್ನು ಡ್ಯೂಯಿ ಪದ್ಧತಿಯೇ ಕೊಟ್ಟಿದೆ. ಮಂಟೇಸ್ವಾಮಿಯ ಇನ್ನೊಂದು ಪ್ರತಿ ತರಿಸಿ ಪಂಪನ ಪಕ್ಕ ಇಡೋದಕ್ಕೆ ಅದೂ ಬೇಕಿಲ್ಲ. ಯಾವ ಪುಸ್ತಕ ತರಿಸಬೇಕು ಅಂತ ಪ್ರತಿವರ್ಷ ಪಟ್ಟಿ ಕೊಟ್ಟು ಸಹಿ ಹಾಕೋರು ಕನ್ನಡ ವಿಭಾಗದ ಮೇಷ್ಟ್ರುಗಳು. ಅವರಲ್ಲಿ ಹಲವರು ಈ ಪತ್ರಿಕೆಯ ಚಂದಾದಾರರೂ ಹೌದು.