ತಪ್ಪೊಪ್ಪಿಗೆಯ ಪಾಠ: ಷಿಕಾಗೋ ನಗರದ ಪರಿಹಾರ ಶಾಸನದ ವಿಮರ್ಶೆ

1972ರಿಂದ 1991ರವರೆಗೆ ಷಿಕಾಗೋ ನಗರದಲ್ಲಿ ಪೊಲೀಸ್ ಅಧಿಕಾರಿ ಜಾನ್ ಬರ್ಜ್ ಹಾಗೂ ಅವನ ಕೈಕೆಳಗಿನವರು ನೂರಕ್ಕೂ ಹೆಚ್ಚು ಜನರನ್ನು, ಬಹುತೇಕ ಕಪ್ಪು ಜನಾಂಗದವರನ್ನು, ವಿದ್ಯುದಾಘಾತ ನೀಡಿಯೂ ಉಸಿರುಗಟ್ಟಿಸಿಯೂ ಹಿಂಸಿಸಿದರು. ತಪ್ಪೊಪ್ಪಿಗೆಯನ್ನು ಪಡೆಯುವುದೇ ಆ ಹಿಂಸೆಯ ಗುರಿ. ಹಾಗೆ ಹಿಂಡಿ ತೆಗೆದ ಮಾತುಗಳ ಮೇಲೆ ಕೆಲವರಿಗೆ ಮರಣದಂಡನೆಯೂ ಆಯಿತು. ಅವರಲ್ಲಿ ನಾಲ್ವರಿಗೆ 2003ರಲ್ಲಿ ರಾಜ್ಯಪಾಲ ಜಾರ್ಜ್ ರಯಾನ್ ಕ್ಷಮಾದಾನವಿತ್ತರು. ಹಿಂಸೆಗಾಗಿ ಬರ್ಜ್‌ನನ್ನು ವಿಚಾರಣೆಗೊಳಪಡಿಸುವ ಕಾಲಮಿತಿ ಮೀರಿತ್ತು. 2010ರಲ್ಲಿ ಅವನು ದೋಷಿಯೆನಿಸಿದ್ದು ಸುಳ್ಳು ಪ್ರಮಾಣಕ್ಕೆ ಮತ್ತು ನ್ಯಾಯಕ್ಕೆ ಅಡ್ಡಿಪಡಿಸಿದ್ದಕ್ಕೆ ಮಾತ್ರ.

2015ರ ಮೇ 6ರಂದು ನಗರಸಭೆಯು ಪರಿಹಾರ ಶಾಸನವೊಂದನ್ನು ಅಂಗೀಕರಿಸಿತು. ಅದರಲ್ಲಿ ಅಧಿಕೃತ ಕ್ಷಮಾಯಾಚನೆ, 55 ಲಕ್ಷ ಡಾಲರುಗಳ ನಿಧಿ, ಮನೋಚಿಕಿತ್ಸೆ, ಸಾರ್ವಜನಿಕ ಸ್ಮಾರಕದ ವಾಗ್ದಾನಗಳಿದ್ದವು. ಜೊತೆಗೆ, ನಗರದ ಸರ್ಕಾರಿ ಶಾಲೆಗಳ 8 ಮತ್ತು 10ನೆಯ ತರಗತಿಗಳಲ್ಲಿ ಈ ಇತಿಹಾಸವನ್ನು ಕಲಿಸಬೇಕೆಂಬ ವಿಧಿಯೂ ಇತ್ತು. ಬಲವಂತದ ತಪ್ಪೊಪ್ಪಿಗೆಯನ್ನು ಪಡೆಯುತ್ತಿದ್ದ ನಗರವು ತಾನೇ ತಪ್ಪೊಪ್ಪಿಕೊಳ್ಳಲು ಹೊರಟಿತು. ಈ ಒಪ್ಪಿಗೆಯನ್ನು ನಾವು ಹೇಗೆ ಅಳೆಯಬೇಕು?

ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತ ಎಂಬ ಮೂರು ಕ್ರಿಯೆಗಳನ್ನು ಟ್ರೆಂಟ್ ಮಹಾಸಭೆ ಪಶ್ಚಾತ್ತಾಪಿಯಿಂದ ಅಪೇಕ್ಷಿಸಿತು. ನಗರವು ಸಂಸ್ಕಾರವನ್ನು ಪಡೆಯಲಾರದು, ನಿಜ. ಆದರೂ ಈ ಅಳತೆಗೋಲು ನಮಗೆ ಉಪಯುಕ್ತ. ಪಠ್ಯಕ್ಕೆ ಇಟ್ಟ ಹೆಸರು ‘ರೆಪರೇಷನ್ಸ್ ವನ್’, ಅಂದರೆ ಗೆದ್ದುಕೊಂಡ ಪರಿಹಾರ. ಹೆಸರು ಪ್ರಾಮಾಣಿಕವಾಗಿದೆ. ಜಕ್ಕಾಯನು ತಾನಾಗಿಯೇ ಎದ್ದು ನಿಂತು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದನು. ಷಿಕಾಗೋವನ್ನು ನೊಂದವರೂ ಅವರ ತಾಯಂದಿರೂ ವಕೀಲರೂ ದಶಕಗಳ ಕಾಲ ಎಳೆದು ತರಬೇಕಾಯಿತು. ಇದು ಅಪೂರ್ಣ ಪಶ್ಚಾತ್ತಾಪವೇ. ಆದರೆ ಧರ್ಮಸಭೆ ಅಪೂರ್ಣ ಪಶ್ಚಾತ್ತಾಪವನ್ನೂ ದೇವರ ವರವೆಂದೇ ಎಣಿಸುತ್ತದೆ.

ಪಾಠ ತರಗತಿಗೆ ಬಂದಾಗ, ಪೊಲೀಸ್ ಕುಟುಂಬಗಳು ಹೆಚ್ಚಾಗಿರುವ ಬಡಾವಣೆಗಳಲ್ಲಿ ಆಕ್ಷೇಪ ಎದ್ದಿತು: ತಂದೆಯನ್ನೇ ಶಂಕಿಸಲು ನಮ್ಮ ಮಕ್ಕಳಿಗೆ ಕಲಿಸುತ್ತೀರಾ? ಈ ನೋವನ್ನು ಲಘುವಾಗಿ ಕಾಣಬಾರದು. ಅಪರಾಧವು ರಕ್ತದಿಂದ ಹರಿದುಬರುವುದಿಲ್ಲವೆಂದು ಯೆಜೆಕಿಯೇಲ ಪ್ರವಾದಿಯೇ ಸಾರಿದ್ದಾನೆ. ಆದರೆ ಅಪರಾಧ ಬೇರೆ, ಹೊಣೆ ಬೇರೆ. ಹಿಂಸೆಯ ಫಲವಾಗಿ ಒಬ್ಬನು ಸೆರೆಯಲ್ಲಿ ಕಳೆದ ವರ್ಷಗಳು ಆ ಊರಿನ ಎಲ್ಲ ಮಕ್ಕಳಿಗೂ ಬಂದ ಪಿತ್ರಾರ್ಜಿತ. ಅದನ್ನು ಮರೆಮಾಚಿ ಬೆಳೆಸಿದ ಗೌರವವು ಪ್ರಾಮಾಣಿಕ ಪೊಲೀಸನಿಗೂ ಸಲ್ಲಬೇಕಾದ ಗೌರವವಲ್ಲ.

ನಮ್ಮ ಆಕ್ಷೇಪ ಬೇರೆಡೆ ಇದೆ. 2013ರಲ್ಲಿ ಇದೇ ನಗರವು ಸುಮಾರು 50 ಸರ್ಕಾರಿ ಶಾಲೆಗಳನ್ನು ಒಮ್ಮೆಗೇ ಮುಚ್ಚಿತು. ನೆಲೆ ತಪ್ಪಿದವರಲ್ಲಿ ಬಹುಪಾಲು ಕಪ್ಪು ಮಕ್ಕಳು. ಎರಡೇ ವರ್ಷಗಳ ಬಳಿಕ ಅದೇ ಶಾಲಾ ವ್ಯವಸ್ಥೆಯ ಹೆಗಲಿಗೆ ನಗರದ ನೆನಪಿನ ಭಾರವನ್ನು ಹೊರಿಸಲಾಯಿತು. ಪರಿಹಾರದ ಹಣ 57 ಜನರಿಗೆ ತಲುಪಿತು. ಸ್ಮಾರಕಕ್ಕಾಗಿ ಬದುಕುಳಿದವರು ವರ್ಷಗಟ್ಟಲೆ ಕಾಯಬೇಕಾಯಿತು. ಕಸಿದುಕೊಂಡದ್ದನ್ನು ಹಿಂದಿರುಗಿಸುವುದು ಔದಾರ್ಯವಲ್ಲ, ನ್ಯಾಯದ ಕ್ರಿಯೆ ಎಂಬುದು ಸಂತ ತೋಮಾಸ್ ಅಕ್ವಿನಾಸರ ಬೋಧನೆ. ಪಾಠವು ನಿವೇದನೆಯಾಗಬಲ್ಲದು, ಪ್ರಾಯಶ್ಚಿತ್ತದ ಸ್ಥಾನವನ್ನು ತುಂಬಲಾರದು. ಮಕ್ಕಳು ಸತ್ಯವನ್ನು ಕಲಿತ ಮಾತ್ರಕ್ಕೆ ಹಿರಿಯರ ಸಾಲ ತೀರುವುದಿಲ್ಲ.

ಯಾಜಕರಾದ ನಾವು ಈ ತೀರ್ಪನ್ನು ದೂರದಲ್ಲಿ ನಿಂತು ನೀಡಲಾಗದು. ಮಕ್ಕಳ ಮೇಲಾದ ದೌರ್ಜನ್ಯಗಳಿಗೆ ಧರ್ಮಸಭೆಯೂ ಅನೇಕ ದೇಶಗಳಲ್ಲಿ ಎಳೆತಂದ ಮೇಲೆಯೇ ತಪ್ಪೊಪ್ಪಿಕೊಂಡಿತು. ನಾಳೆ ಪಾಪನಿವೇದನೆಯ ಪೀಠದಲ್ಲಿ ಕೂರಲಿರುವ ಗುರುಮಠದ ಸಹೋದರರು ಇದನ್ನು ನೆನಪಿಡಬೇಕು. ಪರರ ಸ್ವತ್ತನ್ನು ಕಸಿದವನಿಗೆ ಜಪವನ್ನಷ್ಟೇ ವಿಧಿಸಿ ಕಳುಹಿಸುವ ಯಾಜಕನು, ಪಾಠವನ್ನಷ್ಟೇ ವಿಧಿಸಿಕೊಂಡ ನಗರವನ್ನು ಟೀಕಿಸುವ ಹಕ್ಕನ್ನು ಕಳೆದುಕೊಳ್ಳುತ್ತಾನೆ.